ಎಡಗಡೆಯ ಕಂಬ

ಕಳೆದ ಭಾನುವಾರ ಕಾರು ತೊಳೆಯುತ್ತಿದ್ದಾಗ ಮುಂದಿನ ಎಡ ಸೀಟಿನ ಅಡಿಯಲ್ಲಿ ಒಂದು ಮರದ ತುಂಡು ಸಿಕ್ಕಿತು. ಹಲಸಿನ ಮರದ್ದು. ಒಂದು ಗೇಣು ಉದ್ದ, ಒಂದು ತುದಿ ದಪ್ಪ, ಇನ್ನೊಂದು ತುದಿ ಚೂಪು. ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರದ ಹಾಗೆ ಚಕ್ರದ ಅಡಿಗೆ ಇಡುವ ತುಂಡು ಅದು. ನಿಮ್ಮ ಕಾರಿನಲ್ಲಿ ಅಂಥದ್ದು ಇರಲಾರದು, ಯಾಕೆಂದರೆ ನಿಮ್ಮ ಮನೆಯಲ್ಲಿ ಹಳ್ಳಿ ದಾರಿಯಲ್ಲಿ ಜನ ಸಾಗಿಸುವ ಸರ್ವಿಸ್ ಜೀಪು ಓಡಿಸಿ ನಿವೃತ್ತರಾದವರು ಇಲ್ಲ. ನಮ್ಮ ಮನೆಯಲ್ಲಿದ್ದಾರೆ. ಬೆಳ್ತಂಗಡಿಯಿಂದ ದಿಡುಪೆಯ ಕಡೆಗೆ ಮೂವತ್ತು ವರ್ಷಕ್ಕೂ ಮಿಕ್ಕಿ ಜೀಪು ಓಡಿಸಿದ ಕೊರಗಪ್ಪಣ್ಣ ನನ್ನ ಅಪ್ಪ.

ಕಾರು ಮನೆಗೆ ಬಂದ ದಿನವೇ ಅಪ್ಪ ನನಗೆ ಹೇಳದೆ ಅದನ್ನು ಅಲ್ಲಿ ಸೇರಿಸಿರಬೇಕು. ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದರೂ ಎರಡು ಕ್ಷಣ ಈ ಕಾರು ತಾನಾಗಿ ಹಿಡಿದು ನಿಲ್ಲುತ್ತದೆ ಎಂದು ಶೋರೂಮಿನವರು ಹೇಳಿದಾಗ ಅಪ್ಪ ಬಹಳ ಮರ್ಯಾದೆಯಿಂದ ತಲೆಯಾಡಿಸಿದ್ದರು. ಆ ತಲೆಯಾಟದ ಅರ್ಥ ನನಗೆ ತಿಳಿದದ್ದು ಕಳೆದ ಭಾನುವಾರ.

“ಕಾರು ಹೇಗುಂಟು ಟೀಚರ್?” ಎಂದು ನನ್ನನ್ನು ಕೇಳದವರಿಲ್ಲ. ಕೇಳುವವರಲ್ಲಿ ಅರ್ಧದಷ್ಟು ಜನ ಅದೇ ಕಾರು ತೆಗೆದುಕೊಳ್ಳುವ ಆಲೋಚನೆಯಲ್ಲಿರುವವರು, ಉಳಿದರ್ಧ ಆಗಲೇ ತೆಗೆದುಕೊಂಡು ಸಮಾಧಾನ ಬಯಸುವವರು. ಬಂಟ್ವಾಳದಿಂದ ಬೆಳ್ತಂಗಡಿಯ ತನಕ ಎದುರಿಗೆ ಬರುವ ಮೂರು ಕಾರುಗಳಲ್ಲಿ ಒಂದು ಇದೇ ಜಾತಿಯದ್ದು. ಜಾತಿಯ ಹೆಸರು ಎಸ್‌ಯುವಿ. ಅದರಲ್ಲೂ ಸಣ್ಣದು, ಕಾಂಪ್ಯಾಕ್ಟ್. ಒಂದು ಸಾಧು ಕಾರನ್ನು ನಾಲ್ಕು ಬೆರಳು ಎತ್ತರಿಸಿ, ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್ ಹೊಲಿದು, ಮೂತಿಯನ್ನು ಸಿಟ್ಟು ಬಂದವರ ಹಾಗೆ ಮಾಡಿ ನಿಲ್ಲಿಸಿದರೆ ಅದೇ ಇದು. ಶಾಲೆಯ ವಾರ್ಷಿಕೋತ್ಸವದಲ್ಲಿ ರಟ್ಟಿನ ಕಿರೀಟ ಇಟ್ಟುಕೊಂಡು ಚಕ್ರವರ್ತಿಯಾಗುವ ಎಂಟನೆಯ ತರಗತಿಯ ರಾಜೇಶನಿಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ಯಾಕೆ ತೆಗೆದುಕೊಂಡಿರಿ ಎಂದು ನೀವು ಕೇಳಬಹುದು. ನಾನು ತೆಗೆದುಕೊಳ್ಳಲಿಲ್ಲ, ತೆಗೆದುಕೊಂಡದ್ದು ಮಸ್ಕತ್ತಿನಲ್ಲಿರುವ ನಮ್ಮ ಯಜಮಾನರು. ಲಾಯಿಲದ ಮನೆಯ ಹತ್ತಿರವೇ ವಿಜ್ಞಾನ ಪಾಠ ಮಾಡಿಕೊಂಡು ಸುಖವಾಗಿದ್ದ ನನಗೆ ಬೆಳುವಾಯಿ ಕಡೆಯ ಹೈಸ್ಕೂಲಿಗೆ ವರ್ಗವಾಯಿತು. ಹೋಗುವಾಗ ಎರಡು ಬಸ್ಸು, ಬರುವಾಗ ಎರಡು ಬಸ್ಸು. ನಲವತ್ತೊಂಬತ್ತನೆಯ ವರ್ಷದಲ್ಲಿ ಡ್ರೈವಿಂಗ್ ಕಲಿತೆ. ಯಜಮಾನರು ಅಲ್ಲಿ ಕೂತು ಮೊಬೈಲಿನಲ್ಲಿ ಕಾರಿನ ಗುಣದೋಷ ಹೇಳುವ ಮಹಾಶಯರನ್ನೆಲ್ಲ ಎರಡು ತಿಂಗಳು ನೋಡಿದರು. ಆಮೇಲೆ, “ನೀನು ಬೇರೆ ಏನೂ ನೋಡ್ಬೇಡ, ಗ್ರೌಂಡ್ ಕ್ಲಿಯರೆನ್ಸ್ ನೋಡು” ಎಂದರು, ಅಂದರೆ ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ. ಗುಣದೋಷ ಹೇಳುವವರು ಗುಡ್ಡದ ಮೇಲೆ ಒಬ್ಬರೇ, ತಂಪು ಕನ್ನಡಕ ಹಾಕಿಕೊಂಡು ಓಡಿಸುತ್ತಾರೆ. ಅವರ ಹಿಂದಿನ ಸೀಟಿನಲ್ಲಿ ವಾಂತಿ ಮಾಡುವ ಮಗುವಾಗಲಿ, ಮುಂದಿನ ಸೀಟಿನಲ್ಲಿ ಬೈಯುವ ಅಪ್ಪನಾಗಲಿ ಇರುವುದಿಲ್ಲ.

ಶೋರೂಮಿಗೆ ನಾನು ಅಪ್ಪನನ್ನು ಕರೆದುಕೊಂಡು ಹೋದೆ. ಅಲ್ಲಿದ್ದ ಮಾರಾಟದವರು ಟೈ ಕಟ್ಟಿದ ಘಟ್ಟದ ಮೇಲಿನವರು, ಬಹಳ ನಯವಾದ ಮನುಷ್ಯ. ಅಪ್ಪ ಕಾರಿಗೆ ಒಂದು ಸುತ್ತು ಬಂದು, ಬಗ್ಗಿ ಅಡಿ ನೋಡಿ ಕೇಳಿದರು.

“ಹಿಂದಿನ ಚಕ್ರಕ್ಕೆ ಇಂಜಿನಿನ ಶಕ್ತಿ ಬರ್ತದಾ?”

“ಇಲ್ಲ ಸಾರ್, ಇದು ಫ್ರಂಟ್ ವೀಲ್ ಡ್ರೈವ್. ಮುಂದಿನ ಚಕ್ರಕ್ಕೆ ಮಾತ್ರ.”

“ಹಾಗಾದರೆ ಹಿಂದಿನ ಎರಡು ಚಕ್ರ ನೆಂಟರ ಹಾಗೆ ಸುಮ್ಮನೆ ಬರುವುದು.” ಅಪ್ಪ ತಲೆ ಎತ್ತಿ ಕಾರಿನ ಮಾಡಿನ, ಅಂದರೆ ಛಾವಣಿಯ, ಮೇಲಿನ ಕಂಬಿಗಳನ್ನು ನೋಡಿದರು. “ಇದಕ್ಕೆ ಎಷ್ಟು ಮೂಟೆ ಕಟ್ಟಬಹುದು?”

“ಅದು ಲುಕ್‌ಗೆ ಮಾತ್ರ ಸಾರ್. ಭಾರ ಹಾಕೋಹಾಗಿಲ್ಲ.”

ಅಪ್ಪ ನನ್ನ ಕಡೆಗೆ ತಿರುಗಿ ತುಳುವಿನಲ್ಲಿ ಏನೋ ಹೇಳಿದರು. ನಮ್ಮ ಮನೆಮಾತು ತುಳು, ಅಪ್ಪನ ಬೈಗುಳವೆಲ್ಲ ಅದರಲ್ಲೇ. ಇಲ್ಲಿ ನಾನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಆ ಮಾತೊಂದನ್ನು ಮಾತ್ರ ತರುವುದಿಲ್ಲ.

ಅಪ್ಪನ ಜೀಪಿನ ಮಾಡಿನ ಮೇಲೆ ನಾನು ಕಂಡ ವಸ್ತುಗಳೆಂದರೆ ಅಕ್ಕಿ ಮೂಟೆ, ಗೊಬ್ಬರದ ಚೀಲ, ಕಪಾಟು, ಹೊಲಿಗೆ ಯಂತ್ರ, ಒಂದು ಸಲ ಕಾಲು ಕಟ್ಟಿದ ಆಡು. ಒಳಗಿನ ಲೋಕ ಬೇರೆಯೇ. ಹಿಂದೆ ಎದುರುಬದುರು ಹತ್ತು ಜನ, ಅವರ ಮಡಿಲಲ್ಲಿ ಮಕ್ಕಳು, ಹೊರಗೆ ಮೆಟ್ಟಿಲಲ್ಲಿ ನೇತಾಡುವವರು ನಾಲ್ಕು ಮಂದಿ. ಡ್ರೈವರನ ಬಲಕ್ಕೂ ಒಬ್ಬರು ಅರ್ಧ ದೇಹ ಹೊರಗಿಟ್ಟು ಕೂರುತ್ತಿದ್ದರು. ಅಪ್ಪ ಅವರ ಕಂಕುಳಿನ ಅಡಿಯಿಂದ ಕೈ ತೂರಿಸಿ ಸ್ಟೇರಿಂಗ್ ತಿರುಗಿಸುವುದು. ಬಾಗಿಲಿಗೆ ಟಾರ್ಪಾಲು. ಮಳೆ ಬಂದರೆ ಒಳಗೆ ಕೂತವರೇ ಅದನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು. ಇಷ್ಟಾಗಿಯೂ ಆ ಜೀಪಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮುಂದೆ ಎಡಗಡೆ ಕೂತವರು ಎಡಗಡೆ ನೋಡಬೇಕು. ಕವಲಿನಲ್ಲಿ ಅಪ್ಪ ಬಲಕ್ಕೆ ನೋಡಿ ನಿಲ್ಲಿಸಿದಾಗ ಅವರು ಎಡಕ್ಕೆ ನೋಡಿ “ಖಾಲಿ” ಎಂದು ಹೇಳಬೇಕು. ರಜೆಯಲ್ಲಿ ಆ ಕೆಲಸ ನನ್ನದು. ಒಂಬತ್ತು ವರ್ಷದ ಹುಡುಗಿ ನಾನು, ಹದಿನೆಂಟು ಜನರ ಜೀವ ನನ್ನ ಕುತ್ತಿಗೆಯಲ್ಲಿದೆ ಎಂಬ ಗತ್ತಿನಲ್ಲಿ “ಎಡ ಖಾಲಿ” ಎನ್ನುತ್ತಿದ್ದೆ. ಆಮೇಲೆ ಬಂದ ಯಾವ ಉದ್ಯೋಗದಲ್ಲೂ ನನಗೆ ಅಷ್ಟು ಗೌರವ ಸಿಗಲಿಲ್ಲ.

ಕಾರು ಬಂತು. ಅಪ್ಪ ಅದರ ಎಡ ಸೀಟಿನಲ್ಲಿ ಸ್ಥಾಪನೆಯಾದರು. ವಾರದ ದಿನಗಳಲ್ಲಿ ನಾನೊಬ್ಬಳೇ ಹೋಗುತ್ತೇನೆ. ಶನಿವಾರ ಅರ್ಧ ದಿನದ ಶಾಲೆ, ಅಂದು ಅಪ್ಪನೂ ಬರುತ್ತಾರೆ. ಶಾಲೆಯ ಎದುರಿನ ಹೋಟೆಲಿನಲ್ಲಿ ಕೂತು ಚಾ ಕುಡಿಯುತ್ತಾ, ಬಂದವರಿಗೆಲ್ಲ ನನ್ನ ಕಾರಿನ ದೋಷಗಳನ್ನು ವಿವರಿಸಿ, ಮಧ್ಯಾಹ್ನ ಅದೇ ಕಾರಿನಲ್ಲಿ ತಣ್ಣಗೆ ಕೂತು ಮನೆಗೆ ಬರುತ್ತಾರೆ.

ದೋಷಗಳು ಸುಳ್ಳೆಂದು ನಾನು ಹೇಳಲಾರೆ. ವೇಣೂರಿನ ಆಚೆಯ ಏರಿನಲ್ಲಿ ಒತ್ತಿದರೆ ಕಾರು ಮೊದಲು ಸ್ವಲ್ಪ ಆಲೋಚನೆ ಮಾಡುತ್ತದೆ, ಆಮೇಲೆ ಒಮ್ಮೆಲೇ ಯಾರೋ ಬೆನ್ನಿಗೆ ಗುದ್ದಿದ ಹಾಗೆ ಹಾರುತ್ತದೆ. “ಇದಕ್ಕೆ ಅರ್ಜಿ ಕೊಡ್ಬೇಕು, ಮಂಜೂರಾದ ಮೇಲೆ ಹೋಗುವುದು” ಎಂದು ಅಪ್ಪ. ಏಸಿಯ ಗಾಳಿ ಕಡಿಮೆ ಮಾಡಲು ಹಳೆಯ ಕಾರುಗಳಲ್ಲಿ ಒಂದು ಗುಂಡಿ ತಿರುಗಿಸಿದರೆ ಸಾಕಾಗಿತ್ತು, ಅದಕ್ಕೀಗ ಟಿವಿಯಂಥ ಪರದೆಯಲ್ಲಿ ಬೆರಳಿಟ್ಟು ಮೂರು ಪುಟ ಮಗುಚಬೇಕು. ರಸ್ತೆ ನೋಡುವುದೋ, ಪುಟ ಮಗುಚುವುದೋ? ಡಿಕ್ಕಿಯ ಅಂಚು ಎಷ್ಟು ಎತ್ತರವೆಂದರೆ ಅಕ್ಕಿ ಚೀಲವನ್ನು ಎದೆಯ ತನಕ ಎತ್ತಿ ಆಮೇಲೆ ಒಳಗೆ ಇಳಿಸಬೇಕು. ಹಿಂದಿನ ಕಿಟಕಿ ಅಂಚೆ ಡಬ್ಬಿಯ ಬಾಯಿಯಷ್ಟು. ಮಾಡಿನಲ್ಲಿ ಒಂದು ಗಾಜಿನ ಕಿಂಡಿ ಇದೆ. ವರ್ಷದಲ್ಲಿ ಐದು ತಿಂಗಳು ಮಳೆ, ಉಳಿದ ತಿಂಗಳು ಬೆಂಕಿಯಂಥ ಬಿಸಿಲು ಇರುವ ಊರಿನಲ್ಲಿ ಅದನ್ನು ಯಾವ ಪುಣ್ಯಾತ್ಮ ಯಾವಾಗ ತೆರೆಯುತ್ತಾನೋ ಗೊತ್ತಿಲ್ಲ. ಕಾರಿನ ಜೊತೆ ಮಾತನಾಡಬಹುದು ಎಂದು ಜಾಹೀರಾತು. ನಾನು ನಿಧಾನವಾಗಿ, ಪಾಠ ಮಾಡುವ ಕನ್ನಡದಲ್ಲಿ ಕಿಟಕಿ ತೆರೆಯಲು ಹೇಳಿದೆ. ಅದು ಯಾರಿಗೋ ಫೋನ್ ಮಾಡಿತು.

ಗುಣಗಳೂ ಇವೆ, ಹೇಳದಿದ್ದರೆ ಪಾಪ. ಕಲ್ಲಡ್ಕದಲ್ಲಿ ಹೆದ್ದಾರಿ ಅಗೆದು ಹಾಕಿದ್ದ ಒಂದು ಮಳೆಗಾಲ, ಕೆರೆಯಂಥ ಹೊಂಡಗಳಲ್ಲಿ ತಗ್ಗಿನ ಕಾರುಗಳೆಲ್ಲ ಹೊಟ್ಟೆ ಉಜ್ಜಿಕೊಂಡು ನರಳುತ್ತಿದ್ದಾಗ ನಮ್ಮದು ಸೀರೆ ಎತ್ತಿ ಹಿಡಿದ ಹೆಂಗಸಿನ ಹಾಗೆ ದಾಟಿತು. “ಹೊಂಡ ದಾಟ್ಲಿಕ್ಕೆ ಕಾರು ಯಾಕೆ, ಎಮ್ಮೆ ಸಾಕು” ಎಂದರು ಅಪ್ಪ. ಸೀಟು ಸೊಂಟದ ಎತ್ತರಕ್ಕಿರುವುದರಿಂದ ಅಪ್ಪನ ಮಂಡಿಗೆ ಬಗ್ಗುವ ಕಷ್ಟವಿಲ್ಲ, ತಿರುಗಿದರೆ ಕೂತ ಹಾಗೆ. ಅದನ್ನವರು ಗುಣವೆಂದು ಒಪ್ಪಲಿಲ್ಲ, ಕುರ್ಚಿಯೂ ಹಾಗೇ ಇರುತ್ತದೆ ಎಂದರು.

ಅಪ್ಪನ ಅತಿದೊಡ್ಡ ದೂರು ಕಂಬದ ಮೇಲೆ. ಎದುರಿನ ಗಾಜಿಗೂ ಬಾಗಿಲಿಗೂ ನಡುವೆ ಮಾಡನ್ನು ಹೊತ್ತು ನಿಂತ ಕಂಬ ಇದೆಯಲ್ಲ, ಅದು ಈ ಜಾತಿಯ ಕಾರುಗಳಲ್ಲಿ ಭಾರಿ ದಪ್ಪ. ಪಲ್ಟಿಯಾದರೆ ಒಳಗಿನವರು ಉಳಿಯಲಿ ಎಂದು ಹಾಗೆ ಮಾಡುತ್ತಾರಂತೆ. “ಉಳೀಲಿಕ್ಕೆ ಅಂತ ಕಟ್ಟಿ, ಅದರಿಂದಲೇ ಪಲ್ಟಿ ಮಾಡಿಸುದು,” ಎಂದು ಅಪ್ಪ. “ಒಂದು ಎತ್ತಿನ ಗಾಡಿ ಇದರ ಹಿಂದೆ ಅಡಗ್ತದೆ. ಎಡಗಡೆ ಏನೂ ಕಾಣುದಿಲ್ಲ ಮಾರಾಯ್ತಿ.” ಒಂದಲ್ಲ, ಎಂಟು ತಿಂಗಳು ಇದೇ ಮಾತು. ನಾನು ಸಂತೋಷದಿಂದ ಒಪ್ಪಿದೆ. ಸ್ಟಾಫ್ ರೂಮಿನಲ್ಲಿ ಕಂಬದ ಬಗ್ಗೆ ಭಾಷಣ ಮಾಡಿದೆ, ಮಸ್ಕತ್ತಿಗೆ ಫೋನ್ ಮಾಡಿ ಯಜಮಾನರನ್ನು ಕಂಬದ ಹೆಸರಿನಲ್ಲಿ ಹಂಗಿಸಿದೆ. ಹಂಗಿಸುವುದಕ್ಕೆ ಒಂದು ಕಾರಣ ಕೈಗೆ ಸಿಕ್ಕಿದರೆ ಅದನ್ನು ಪರೀಕ್ಷೆ ಮಾಡುವ ಮನಸ್ಸು ವಿಜ್ಞಾನದ ಟೀಚರಿಗೂ ಬರುವುದಿಲ್ಲ.

ಆದರೂ ಅಪ್ಪ ತನ್ನ ಡ್ಯೂಟಿ ಬಿಡಲಿಲ್ಲ. ಕವಲು ಬಂದಾಗೆಲ್ಲ ಮುಂದಕ್ಕೆ ಬಾಗಿ, ಎಡಕ್ಕೆ ನೋಡಿ, “ಖಾಲಿ, ಬಾ” ಎನ್ನುತ್ತಿದ್ದರು. ನಾನು ಬಲಕ್ಕೆ ನೋಡಿಕೊಂಡು ಹೋಗುತ್ತಿದ್ದೆ. ಡ್ರೈವಿಂಗ್ ಶಾಲೆಯಲ್ಲಿ ಹೀಗೆ ಕಲಿಸಿಲ್ಲ ಎಂದು ನನಗೆ ಗೊತ್ತು. ಆದರೆ ಮೂವತ್ತು ವರ್ಷ ಜೀಪು ಓಡಿಸಿದ ಅಪ್ಪ ಖಾಲಿ ಎಂದ ಮೇಲೆ ಇನ್ನೊಮ್ಮೆ ನೋಡುವುದು ನನಗೆ ಅಧಿಕಪ್ರಸಂಗದ ಹಾಗೆ ಕಾಣುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಶಾಲೆಯ ಓಣಿಯಿಂದ ದೊಡ್ಡ ರಸ್ತೆಗೆ ಬಂದು ಮೂಡುಬಿದಿರೆಯ ಕಡೆಗೆ, ಅಂದರೆ ಬಲಕ್ಕೆ ತಿರುಗಬೇಕಿತ್ತು. ನಾನು ಬಲಕ್ಕೆ ನೋಡಿದೆ. ಅಪ್ಪ ಎಡಕ್ಕೆ ನೋಡಿ, “ಖಾಲಿ, ಬಾ” ಎಂದರು. ಕಾರು ರಸ್ತೆಯ ನಡುವಿಗೆ ಬಂದಾಗ ಎಡಗಡೆಯಿಂದ ಒಂದು ಸ್ಕೂಟರ್ ನಮ್ಮ ಮೂತಿಯ ಮುಂದಕ್ಕೇ ಬಂತು. ನಾನು ಬ್ರೇಕಿನ ಮೇಲೆ ನಿಂತೆ. ಸ್ಕೂಟರಿನವರೂ ತಿರುಗಿಸಿದರು, ಗಾಡಿ ಮಗುಚಿತು. ಬಿದ್ದವರು ಐವತ್ತರ ಆಸುಪಾಸಿನವರು, ಅಂಗಡಿಗಳಿಗೆ ಮೊಟ್ಟೆ ತಲುಪಿಸುವವರು. ಮೊಣಕೈ ತರಚಿತ್ತು, ಬೇರೆ ಏನೂ ಆಗಲಿಲ್ಲ. ಹಿಂದೆ ಕಟ್ಟಿದ್ದ ಮೊಟ್ಟೆಗಳು ಮಾತ್ರ ರಸ್ತೆಯ ಮೇಲೆ ಹಳದಿಯಾಗಿ ಹರಿದವು.

ಅವರು ಎದ್ದು ನಿಂತು ಕೇಳಿದರು, “ಕಣ್ಣು ಕಾಣುದಿಲ್ವಾ ನಿಮಗೆ?”

ಅಪ್ಪ ನಿಧಾನವಾಗಿ ಇಳಿದು ಬಂದು, ಅವರ ಕೈ ಹಿಡಿದು ಗಾಯ ನೋಡಿದರು. ಆಮೇಲೆ ಹೇಳಿದರು, “ಅವಳದ್ದು ತಪ್ಪಿಲ್ಲ. ಈ ಕಂಬ ನೋಡಿ ನೀವು. ಇಷ್ಟು ದಪ್ಪ ಇಟ್ಟರೆ ಯಾರಿಗಾದರೂ ಕಾಣ್ತದಾ?”

ನಾಲ್ಕು ಜನ ಸೇರಿದ್ದರು. ಎಲ್ಲರೂ ಕಂಬ ನೋಡಿದರು. ಒಬ್ಬರು ಬಗ್ಗಿ ಒಳಗೆ ಕೂತು ನೋಡಿ, ತನ್ನ ಅಳಿಯನ ಕಾರಿನಲ್ಲೂ ಹೀಗೇ ಉಂಟು ಎಂದರು. ಮೊಟ್ಟೆಯವರೂ ಕೊನೆಗೆ ಕಂಬವನ್ನು ಬೈದರು. ಮೊಣಕೈಗೆ ಮದ್ದು ಹಾಕಿಸಿ, ಮೊಟ್ಟೆಯ ನಷ್ಟ ಕಟ್ಟಿಕೊಟ್ಟು, ನಾವು ಹೊರಟೆವು. ದಾರಿಯುದ್ದಕ್ಕೂ ಅಪ್ಪ ಕಂಬದ ವಿಷಯ ಬಿಟ್ಟು ಬೇರೆ ಮಾತನಾಡಲಿಲ್ಲ.

ಮರುದಿನ ನನಗೆ ಭಾರಿ ಸಿಟ್ಟು ಬಂದಿತ್ತು. ಕಂಪನಿಗೆ ಒಂದು ಪತ್ರ ಬರೆಯುವುದೆಂದು ತೀರ್ಮಾನಿಸಿದೆ. ಸುಮ್ಮನೆ ಬೈದರೆ ಆಗುವುದಿಲ್ಲ, ಅಳತೆ ಸಮೇತ ಬರೆಯಬೇಕು. ಅಂಗಳದಲ್ಲಿ ಕಾರು ನಿಲ್ಲಿಸಿ, ಎಡ ಸೀಟಿನಲ್ಲಿ ಅಪ್ಪನನ್ನು ನೇರ ಮುಂದೆ ನೋಡುವ ಹಾಗೆ ಕೂರಿಸಿ, ನಾನು ಬಟ್ಟೆ ಒಗೆಯುವ ಕೆಂಪು ಬಕೆಟ್ ಹಿಡಿದುಕೊಂಡು ಎದುರಿನಿಂದ ಎಡಕ್ಕೆ ಒಂದೊಂದೇ ಹೆಜ್ಜೆ ನಡೆದೆ. ಬಕೆಟ್ ಎಲ್ಲಿ ಮರೆಯಾಗುತ್ತದೆ, ಎಲ್ಲಿ ಮತ್ತೆ ಕಾಣುತ್ತದೆ ಎಂದು ನೆಲದಲ್ಲಿ ಗೆರೆ ಹಾಕುವುದು ನನ್ನ ಯೋಜನೆ.

“ಕಾಣ್ತದಾ?”

“ಕಾಣ್ತದೆ.”

“ಈಗ?”

“ಇಲ್ಲ. ಕಂಬ.”

ಇನ್ನೆರಡು ಹೆಜ್ಜೆ ಇಟ್ಟೆ. ಕಂಬ ದಾಟಿತು. ಬಾಗಿಲಿನ ಗಾಜು ಇಳಿಸಿತ್ತು, ನಾನು ಅಪ್ಪನ ಎಡಭುಜದ ಹತ್ತಿರವೇ ಇದ್ದೆ.

“ಈಗ?”

“ಇಲ್ಲ ಅಂತ ಹೇಳಿದೆನಲ್ಲ, ಕಂಬ.”

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ನಂಬಿ ಬಿಡುತ್ತಿದ್ದೆ. ಆದರೆ ನಮ್ಮ ಅಪ್ಪ ಗಾಡಿಯ ವಿಷಯದಲ್ಲಿ ತಮಾಷೆ ಮಾಡುವವರಲ್ಲ. ಬಿಸಿಲಾಯಿತು ಎಂದು ಸುಳ್ಳು ಹೇಳಿ ಅವರನ್ನು ಇಳಿಸಿ ಜಗಲಿಯಲ್ಲಿ, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂರಿಸಿದೆ. ಅಲ್ಲಿ ಕಂಬವಿಲ್ಲ, ಗಾಜಿಲ್ಲ, ಎದುರಿಗೆ ಅಂಗಳ ಮಾತ್ರ. ನಾನು ಎಡಗಡೆ ನಿಂತು, ಅವರ ಕಿವಿಗಿಂತ ಸ್ವಲ್ಪ ಮುಂದೆ, ಕೈ ಚಾಚಿ ಬಕೆಟ್ ಹಿಡಿದೆ. ಏನೂ ಮಾತನಾಡಲಿಲ್ಲ.

ಅಪ್ಪ ಅಂಗಳ ನೋಡುತ್ತಾ ಕೂತರು. ಸ್ವಲ್ಪ ಹೊತ್ತಾದ ಮೇಲೆ, “ಹ್ಞಾಂ, ತೋರಿಸು ನೋಡುವ” ಎಂದರು.

ನಾನು ಬಕೆಟ್ ಹಿಡಿದೇ ನಿಂತೆ. ಅಪ್ಪ ನಿಧಾನವಾಗಿ ಇಡೀ ದೇಹವನ್ನೇ ಎಡಕ್ಕೆ ತಿರುಗಿಸಿದರು. ಬಕೆಟ್ ಅವರ ಮೂಗಿಗೆ ತಾಗುವಷ್ಟು ಹತ್ತಿರವಿತ್ತು.

“ಯಾವಾಗಿಂದ ಹಿಡ್ಕೊಂಡಿದ್ದಿ?”

“ಆಗಿಂದ.”

ಅಪ್ಪ ಬಕೆಟನ್ನು ನನ್ನ ಕೈಯಿಂದ ತೆಗೆದು ನೆಲದಲ್ಲಿಟ್ಟರು. “ಕೈ ನೋಯ್ತದೆ ನಿನಗೆ” ಎಂದರು. ಎದ್ದು ಒಳಗೆ ಹೋದರು. ಹೋಗುವಾಗ ಎಡಭುಜ ಬಾಗಿಲಿನ ದಾರಂದಕ್ಕೆ, ಆ ಮರದ ಚೌಕಟ್ಟಿಗೆ, ತಾಗಿತು. ಅದು ತಾಗುತ್ತಲೇ ಇತ್ತು. ಎಷ್ಟೋ ತಿಂಗಳಿನಿಂದ ತಾಗುತ್ತಿತ್ತು, ಬಾಗಿಲು ಸಣ್ಣದಾಯಿತು ಎಂದು ಅಪ್ಪ ಬಾಗಿಲನ್ನು ಬೈಯುತ್ತಿದ್ದರು, ನಾನು ನಗುತ್ತಿದ್ದೆ. ವರ್ಷ ವರ್ಷ ಹತ್ತನೆಯ ತರಗತಿಗೆ ಮಾನವನ ಕಣ್ಣು ಪಾಠ ಮಾಡುವವಳು ನಾನು. ಕಣ್ಣಿನ ಚಿತ್ರ ಬೋರ್ಡಿನಲ್ಲಿ ನೋಡದೆಯೇ ಬಿಡಿಸುತ್ತೇನೆ. ನಮ್ಮ ಮನೆಯಲ್ಲೇ ಇದ್ದ ಕಣ್ಣನ್ನು ನಾನು ನೋಡಿರಲಿಲ್ಲ.

ಮೂಡುಬಿದಿರೆಯಲ್ಲಿರುವ ಕಣ್ಣಿನ ಡಾಕ್ಟರ ಹತ್ತಿರ ಹೋಗುವ ಎಂದಾಗ ಅಪ್ಪ ಎರಡು ದಿನ ಜಗಳ ಮಾಡಿ, ಮೂರನೆಯ ದಿನ ತಾನಾಗಿ ಬಿಳಿ ಅಂಗಿ ಹಾಕಿಕೊಂಡು ಕಾರಿನ ಹತ್ತಿರ ನಿಂತರು. ವೇಣೂರು ದಾಟಿದ ಮೇಲೆ ರಸ್ತೆ ನೋಡುತ್ತಲೇ ಹೇಳಿದರು.

“ಜೀಪು ಮಾರುವಾಗ ಸ್ಟೇರಿಂಗ್ ಸಡಿಲ ಆಗಿದೆ ಅಂತ ಹೇಳಿದ್ದೆ ಅಲ್ವಾ?”

“ಹೌದು.”

“ಸ್ಟೇರಿಂಗಿಗೆ ಏನೂ ಆಗಿರ್ಲಿಲ್ಲ.”

ಅಪ್ಪ ಮುಂದುವರಿಸಿದರು. “ಒಂದು ತಿಂಗಳಲ್ಲಿ ಎರಡು ಸಲ ಮೋರಿಯ ಕಟ್ಟೆಗೆ ಎಡಗಡೆ ಉಜ್ಜಿತು. ಅದೇ ಮೋರಿ, ಮೂವತ್ತು ವರ್ಷ ಹೋದ ದಾರಿ. ಎರಡನೇ ಸಲ ಹಿಂದೆ ಹತ್ತು ಹನ್ನೆರಡು ಜನ ಇದ್ದರು. ಮಕ್ಕಳೂ ಇದ್ದರು. ಯಾರಿಗೂ ಗೊತ್ತಾಗ್ಲಿಲ್ಲ, ಕಲ್ಲು ತಾಗಿತು ಅಂತ ಎಣಿಸಿದರು. ನನಗೆ ಹೆದರಿಕೆ ಆಯ್ತು. ಮರುದಿನವೇ ಕೊಟ್ಟುಬಿಟ್ಟೆ.”

“ನನ್ನ ಹತ್ತಿರ ಹೇಳ್ಬಹುದಿತ್ತಲ್ಲ ಅಪ್ಪ?”

“ಏನಂತ ಹೇಳುದು? ಜೀಪಿನ ಕೊರಗಪ್ಪನಿಗೆ ದಾರಿ ಕಾಣುದಿಲ್ಲ ಅಂತವಾ?”

ಆ ಜೀಪು ಹೋದ ದಿನ ನನಗೆ ನೆನಪಿದೆ. ಅಷ್ಟು ಪ್ರೀತಿಯ ಗಾಡಿಯನ್ನು ಒಂದೇ ದಿನದಲ್ಲಿ ಯಾಕೆ ಕೊಟ್ಟರು ಎಂದು ಸ್ಟ್ಯಾಂಡಿನ ಡ್ರೈವರುಗಳು ತಲೆಗೊಂದು ಕತೆ ಕಟ್ಟಿದ್ದರು. ಅವರಲ್ಲಿ ಯಾರೂ ಸರಿಯಾದದ್ದನ್ನು ಊಹಿಸಲಿಲ್ಲ. ನಾನೂ ಊಹಿಸಲಿಲ್ಲ.

ಡಾಕ್ಟರು ಒಂದು ಯಂತ್ರದ ಎದುರು ಅಪ್ಪನನ್ನು ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕೆಂದರು. ಕೋಣೆ ನಿಶ್ಶಬ್ದವಾಗಿತ್ತು. ಗುಂಡಿಯ ಸದ್ದಿಗಾಗಿ ನಾನು ಕಾದು ಕೂತಿದ್ದೆ. ಬಲಗಣ್ಣಿನ ಸರದಿಯಲ್ಲಿ ಅದು ಆಗಾಗ ಕೇಳಿತು, ಎಡಗಣ್ಣಿನ ಸರದಿಯಲ್ಲಿ ಬಹಳ ಅಪರೂಪಕ್ಕೆ. ಗ್ಲಾಕೋಮಾ, ಕಣ್ಣೊಳಗಿನ ಒತ್ತಡ ನರವನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ, ನೋವಿರುವುದಿಲ್ಲ ಎಂದರು ಡಾಕ್ಟರು. ಎಡಗಣ್ಣಿನದ್ದು ಹೆಚ್ಚುಕಡಿಮೆ ಮುಗಿದಿದೆ, ಬಲಗಣ್ಣಿನ ಅಂಚು ಈಗಷ್ಟೇ ಸವೆಯತೊಡಗಿದೆ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಔಷಧಿಯ ಹನಿಯಿಂದ ಉಳಿಸಿಕೊಳ್ಳಬಹುದು, ದಿನವೂ ತಪ್ಪದೆ ಹಾಕಬೇಕು.

“ಡ್ರೈವಿಂಗ್ ಮಾಡ್ತೀರಾ?” ಎಂದು ಕೇಳಿದರು.

“ಬಿಟ್ಟು ಆರು ವರ್ಷ ಆಯ್ತು,” ಎಂದರು ಅಪ್ಪ. ಆ ಉತ್ತರದಲ್ಲಿ ಒಂದು ಸಣ್ಣ ಹೆಮ್ಮೆ ಇತ್ತು. ಡಾಕ್ಟರಿಗೆ ಅದು ತಿಳಿಯುವ ಹಾಗಿರಲಿಲ್ಲ.

ಆಸ್ಪತ್ರೆಯಿಂದ ದೊಡ್ಡ ರಸ್ತೆಗೆ ಇಳಿಯುವಲ್ಲಿ ನಾನು ಕಾರು ನಿಲ್ಲಿಸಿ ಬಲಕ್ಕೆ ನೋಡಿದೆ. ಅಪ್ಪ ಅಭ್ಯಾಸಬಲದಿಂದ ಮುಂದಕ್ಕೆ ಬಾಗಿದರು. ಮತ್ತೆ ಹಿಂದಕ್ಕೆ ಒರಗಿ, “ಎಡ ನೀನೇ ನೋಡು” ಎಂದರು. ನಾನು ನೋಡಿದೆ. ಒಂದು ಬಸ್ಸು ಹೋಯಿತು, ಎರಡು ರಿಕ್ಷಾ ಹೋದವು. ರಸ್ತೆ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ, ಎದುರಿನ ಗಾಜು ನನಗೂ ಮಸುಕಾಗಿತ್ತು.

ಇದೆಲ್ಲ ಆಗಿ ಈಗ ಐದು ತಿಂಗಳು. ಕಂಪನಿಗೆ ಪತ್ರ ಬರೆಯಲಿಲ್ಲ. ಕಂಬ ದಪ್ಪವಿರುವುದು ನಿಜವೇ, ಅದನ್ನು ನಾನು ಇವತ್ತಿಗೂ ಬೈಯುತ್ತೇನೆ, ಆದರೆ ಈಗ ಕವಲಿನಲ್ಲಿ ಕುತ್ತಿಗೆ ಚಾಚಿ ಎರಡೆರಡು ಸಲ ನೋಡಿ ಬೈಯುತ್ತೇನೆ. ಅಪ್ಪ ಶನಿವಾರ ಬರುತ್ತಾರೆ. ಬೆಳಿಗ್ಗೆ ಸಂಜೆ ಹನಿ ಹಾಕಿಸಿಕೊಳ್ಳುವಾಗ ಮುಖ ಸಿಂಡರಿಸಿ ಔಷಧಿಯ ಬಾಟಲಿಯ ಮೂತಿ ಸರಿ ಇಲ್ಲ ಎನ್ನುತ್ತಾರೆ. ಹೋಟೆಲಿನಲ್ಲಿ ಕಾರಿನ ದೋಷಗಳ ಪ್ರವಚನ ನಿಂತಿಲ್ಲ.

ಮೊನ್ನೆ ಶನಿವಾರ ಮನೆಗೆ ಬರುತ್ತಿದ್ದಾಗ ಕಾರಿನೊಳಗೇ ಫೋನ್ ರಿಂಗಾಯಿತು. ಸರ್ವಿಸ್ ಮಾಡಿಸಿದ ಮೇಲೆ ಕಂಪನಿಯವರು ಅಭಿಪ್ರಾಯ ಕೇಳಲು ಮಾಡುವ ಫೋನು. ಬೆಂಗಳೂರಿನ ಹೆಣ್ಣು ದನಿಯೊಂದು ಕಾರಿನ ಸ್ಪೀಕರಿನಿಂದ ಬಹಳ ಇಂಪಾಗಿ ನಮಸ್ಕಾರ ಹೇಳಿತು. ನಾನು ಓಡಿಸುತ್ತಿದ್ದೇನೆ, ಪಕ್ಕದಲ್ಲಿ ತಂದೆಯವರಿದ್ದಾರೆ, ಅವರ ಹತ್ತಿರ ಕೇಳಿ ಎಂದೆ.

“ಸಾರ್, ನಿಮ್ಮ ಕಾರಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಾ?”

“ಐದು,” ಎಂದರು ಅಪ್ಪ, ಒಂದು ಕ್ಷಣವೂ ಯೋಚಿಸದೆ.

ಆ ಕಡೆ ದನಿ ಸಣ್ಣದಾಯಿತು. “ಸಾರ್, ಒಂಬತ್ತಕ್ಕಿಂತ ಕಡಿಮೆ ಬಂದ್ರೆ ನಮಗೆ ತೊಂದ್ರೆ ಆಗತ್ತೆ. ದಯವಿಟ್ಟು ಹತ್ತು ಅಂತ ಹಾಕ್ಕೊಳ್ಲಾ?”

ಅಪ್ಪ ಆ ಪರದೆಯನ್ನೇ, ಅದರೊಳಗೆ ಆಕೆ ಕೂತಿರುವ ಹಾಗೆ, ನೋಡಿದರು. “ನಿನ್ನ ಕೆಲಸಕ್ಕೆ ಹತ್ತು ಹಾಕು ಮಗಾ. ಎಷ್ಟು ಚಂದ ಮಾತಾಡ್ತಿ. ಕಾರಿಗೆ ಐದೇ.”

“ಯಾಕೆ ಸಾರ್ ಐದು?”

“ಏರು ಹತ್ತುವಾಗ ಆಲೋಚನೆ ಮಾಡ್ತದೆ. ತಲೆ ಮೇಲಿನ ಕಂಬಿಗೆ ಒಂದು ಬುಟ್ಟಿ ಕಟ್ಲಿಕ್ಕೆ ಆಗುದಿಲ್ಲ. ಹಿಂದೆ ಕೂತವರಿಗೆ ಗಾಳಿ ಇಲ್ಲ. ಬರ್ಕೊಂಡ್ಯಾ?”

“ಬರ್ಕೊಂಡೆ ಸಾರ್. ಇನ್ನೇನಾದ್ರೂ ಕಂಪ್ಲೇಂಟ್ ಇದೆಯಾ?”

ಅಪ್ಪ ಕಿಟಕಿಯ ಹೊರಗೆ ನೋಡಿದರು. “ಒಂದು ಉಂಟು,” ಎಂದರು. “ಅದು ಕಾರಿನದ್ದಲ್ಲ. ನೀನು ಫೋನ್ ಇಡು ಮಗಾ.”